ಅಟ್ಲಾಂಟಿಕ್ ಪ್ರವಾಹ ನಿಧಾನವಾದರೆ ಯುರೋಪಿನ ಚಳಿಗಾಲ ಏನಾಗುತ್ತೆ? "ಲಂಡನ್‌ಗೆ ಮೈನಸ್ 20" ಎಷ್ಟು ನಿಜ?

ಸುಳಿಗಾಳಿ

ವಾಟ್ಸ್ಯಾಪ್ ಗುಂಪುಗಳಲ್ಲಿ ಮತ್ತೆ ಅದೇ ಮಾತು ಓಡಾಡ್ತಿದೆ: ಗಲ್ಫ್ ಸ್ಟ್ರೀಮ್ (ಅಟ್ಲಾಂಟಿಕ್‌ನ ಬೆಚ್ಚನೆ ನೀರಿನ ಪ್ರವಾಹ) ನಿಂತು ಹೋಗುತ್ತೆ, ಶತಮಾನದ ಮಧ್ಯಕ್ಕೇ ಯುರೋಪು ಹೆಪ್ಪುಗಟ್ಟುತ್ತೆ, ಲಂಡನ್ನಿಗೆ ಮೈನಸ್ 20, ಓಸ್ಲೋಗೆ ಮೈನಸ್ 48. ಬ್ರಿಟನ್, ನೆದರ್ಲೆಂಡ್ಸ್, ನಾರ್ವೆಯಲ್ಲಿ ಮನೆ ಮಾಡಿರುವ ನಮ್ಮವರು ಗಾಬರಿಯಾಗಿ ಕೇಳ್ತಿದ್ದಾರೆ. ಇನ್ನು ಕೆಲವರು "ಭೂಮಿ ಕಾಯ್ತಿದೆ ಅಂತೀರಿ, ಚಳಿ ಹೆಚ್ಚುತ್ತೆ ಅಂತಲೂ ಅಂತೀರಿ, ಯಾವುದನ್ನ ನಂಬೋದು?" ಅಂತಾರೆ.

ಈ ಅಂಕಿಗಳು ಎಲ್ಲಿಂದ ಬಂದವು? ಪ್ರವಾಹ ನಿಜವಾಗಲೂ ನಿಧಾನ ಆಗ್ತಿದೆಯಾ, ಸಮುದ್ರದ ಮಧ್ಯೆ ಅದನ್ನ ಅಳೆಯೋದಾದರೂ ಹೇಗೆ? ಒಂದು ಚಳಿಗಾಲ ಕಡುವಾಗಿ ಬಂದರೆ ಪ್ರವಾಹದ ಮೇಲೆ ಹಾಕಬಹುದಾ? ಗೊತ್ತಿರೋರು ಲೆಕ್ಕ ಸಮೇತ ಬರೀರಿ.

ಉಪ್ಪುನೀರು35

ಮೊದಲು ಹೆಸರು ಸರಿ ಮಾಡ್ಕೊಳ್ಳೋಣ, ಅರ್ಧ ಗೊಂದಲ ಅಲ್ಲೇ ಇದೆ. ಗಲ್ಫ್ ಸ್ಟ್ರೀಮ್ ಬೇರೆ, ಏಮಾಕ್ (AMOC, ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು) ಬೇರೆ.

ಗಲ್ಫ್ ಸ್ಟ್ರೀಮನ್ನು ಓಡಿಸೋದು ಗಾಳಿ ಮತ್ತು ಭೂಮಿಯ ತಿರುಗಾಟ. ಫ್ಲಾರಿಡಾ ಜಲಸಂಧಿಯಲ್ಲಿ ಸುಮಾರು 32 ಸ್ವೆರ್ಡ್ರಪ್, ನ್ಯೂಫೌಂಡ್‌ಲ್ಯಾಂಡ್‌ನ ದಕ್ಷಿಣಕ್ಕೆ ಬರೋ ಹೊತ್ತಿಗೆ 150ರ ಆಸುಪಾಸು. ಒಂದು ಸ್ವೆರ್ಡ್ರಪ್ ಅಂದರೆ ಸೆಕೆಂಡಿಗೆ 10 ಲಕ್ಷ ಘನಮೀಟರ್ ನೀರು. ಇದರ ಬಹುಪಾಲು ಅಟ್ಲಾಂಟಿಕ್‌ನಲ್ಲೇ ಸುತ್ತು ಹೊಡೆದು ದಕ್ಷಿಣಕ್ಕೆ ವಾಪಸ್ ಬರುತ್ತೆ. ಗಾಳಿ ಬೀಸುತ್ತಿರುವ ತನಕ ಇದು ನಿಲ್ಲೋದಿಲ್ಲ.

ಏಮಾಕ್ ಅಂದರೆ ಮಗುಚಿಕೊಳ್ಳುವ ಪ್ರವಾಹ. ಬೆಚ್ಚಗಿನ ಉಪ್ಪುನೀರು ಮೇಲ್ಪದರದಲ್ಲಿ ಉತ್ತರಕ್ಕೆ ಹೋಗುತ್ತೆ, ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್ ಸುತ್ತಮುತ್ತ ಶಾಖವನ್ನೆಲ್ಲ ಗಾಳಿಗೆ ಬಿಟ್ಟು ತಣ್ಣಗಾಗಿ ಭಾರವಾಗಿ ಮುಳುಗುತ್ತೆ, ಸುಮಾರು 1,500ರಿಂದ 4,000 ಮೀಟರ್ ಆಳದಲ್ಲಿ ದಕ್ಷಿಣಕ್ಕೆ ಮರಳುತ್ತೆ. ಇದರ ಸರಾಸರಿ 17 ಸ್ವೆರ್ಡ್ರಪ್. ಚಿಂತೆ ಇರೋದು ಇದರ ಬಗ್ಗೆ. "ಗಲ್ಫ್ ಸ್ಟ್ರೀಮ್ ನಿಲ್ಲುತ್ತೆ" ಅಂತ ಬರೆದವರು ಮೊದಲ ಸಾಲಿನಲ್ಲೇ ತಪ್ಪಿದ್ದಾರೆ.

ಕೃಷ್ಣಾತೀರ

ಸ್ವೆರ್ಡ್ರಪ್ ಅಂದ್ರ ನಮ್ಮ ಕಡೆ ಯಾರಿಗೂ ತಲಿಗೆ ಹೋಗಂಗಿಲ್ರೀ. ಕ್ಯುಸೆಕ್ ಲೆಕ್ಕ ಹಿಡೀರಿ. 17 ಸ್ವೆರ್ಡ್ರಪ್ ಅಂದ್ರ ಸುಮಾರು 60 ಕೋಟಿ ಕ್ಯುಸೆಕ್. ಕೆಆರ್‌ಎಸ್ ಪೂರಾ ತುಂಬಿದ್ರ 49.45 ಟಿಎಂಸಿ. ಈ ಪ್ರವಾಹ ಅದನ್ನ 82 ಸೆಕೆಂಡಿನಾಗ ತುಂಬಸ್ತೈತಿ.

ಮಳೆಲೆಕ್ಕ

ಆ ಹೋಲಿಕೆಗೆ ಶಾಖದ ಲೆಕ್ಕವನ್ನೂ ಸೇರಿಸಿ. 26 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಅಟ್ಲಾಂಟಿಕ್ ಉತ್ತರಕ್ಕೆ ಸಾಗಿಸುವ ಶಾಖ ಸುಮಾರು 1.2ರಿಂದ 1.3 ಪೆಟಾವ್ಯಾಟ್. 1.3 ಅಂತ ಹಿಡಿದರೆ 130 ಕೋಟಿ ಮೆಗಾವ್ಯಾಟ್. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್. ಅಂಥವು 12 ಲಕ್ಷಕ್ಕೂ ಮೇಲೆ ಬೇಕು.

ಪಡುವಣಕಡಲು

ಎಲ್ಲ ಸರಿ ಮಾರಾಯ್ರೆ, ಆದರೆ ಯುರೋಪಿನ ಹಿತವಾದ ಚಳಿಗಾಲಕ್ಕೆ ಪ್ರವಾಹವೇ ಕಾರಣ ಅನ್ನೋದು 1855ರಲ್ಲಿ ಅಮೆರಿಕದ ನೌಕಾಧಿಕಾರಿ ಮ್ಯಾಥ್ಯೂ ಮೌರಿ ಬರೆದಾಗಿನಿಂದ ಉರುಳಿಕೊಂಡು ಬಂದ ಮಾತು. 2002ರಲ್ಲಿ ಹವಾಮಾನ ವಿಜ್ಞಾನಿ ರಿಚರ್ಡ್ ಸೀಗರ್ ಮತ್ತು ಸಂಗಡಿಗರು ಇದನ್ನ ಬಿಡಿಸಿ ನೋಡಿದರು. ಕೆನಡಾದ ಪೂರ್ವ ಕರಾವಳಿಯ ಲ್ಯಾಬ್ರಡಾರ್‌ನ ನೈನ್ ಊರು ಹೆಚ್ಚುಕಡಿಮೆ ಗ್ಲಾಸ್ಗೋದ ಅಕ್ಷಾಂಶದಲ್ಲೇ ಇದೆ. ಜನವರಿಯಲ್ಲಿ ಅಲ್ಲಿ ಸರಾಸರಿ ಮೈನಸ್ 17ರ ಆಸುಪಾಸು, ಗ್ಲಾಸ್ಗೋದಲ್ಲಿ ಪ್ಲಸ್ 4. ಈ ಅಂತರದ ದೊಡ್ಡ ಪಾಲು ಬರೋದು ಎರಡು ಕಾರಣಕ್ಕೆ. ಬೇಸಿಗೆಯಲ್ಲಿ ಸಮುದ್ರ ಹೀರಿಟ್ಟ ಬಿಸಿಯನ್ನು ಚಳಿಗಾಲದಲ್ಲಿ ಪಶ್ಚಿಮದ ಗಾಳಿ ಹೊತ್ತು ತರುತ್ತೆ. ರಾಕಿ ಪರ್ವತ ಆ ಗಾಳಿಯನ್ನು ಅಲೆಯ ಹಾಗೆ ಬಾಗಿಸುತ್ತೆ: ಕೆನಡಾದ ಪೂರ್ವಕ್ಕೆ ಉತ್ತರದ ಕೊರೆಯುವ ಗಾಳಿ, ಯುರೋಪಿಗೆ ನೈಋತ್ಯದ ಬೆಚ್ಚನೆ ಗಾಳಿ. ಕೆನಡಾದ ಪಶ್ಚಿಮ ಕರಾವಳಿಯ ವ್ಯಾಂಕೂವರ್ ನೋಡಿ. ಅಲ್ಲಿ ಮಗುಚು ಪ್ರವಾಹವೇ ಇಲ್ಲ, ಚಳಿಗಾಲ ಮಾತ್ರ ಮೃದು.

ಹಾಗಾಗಿ ಪ್ರವಾಹ ನಿಂತ ತಕ್ಷಣ ಲಂಡನ್ ಲ್ಯಾಬ್ರಡಾರ್ ಆಗೋದಿಲ್ಲ.

ಉಪ್ಪುನೀರು35

ಸೀಗರ್ ಹೇಳಿದ್ದು "ಎರಡು ದಡಗಳ ನಡುವಿನ ಅಂತರ ಯಾಕೆ" ಅನ್ನೋ ಪ್ರಶ್ನೆಗೆ ಉತ್ತರ. "ಪ್ರವಾಹ ಕಳೆದರೆ ಎಷ್ಟು ಇಳಿಯುತ್ತೆ" ಅನ್ನೋದು ಬೇರೆ ಪ್ರಶ್ನೆ. ಅವರ ಲೆಕ್ಕದಲ್ಲೂ ನಾರ್ವೆ ಕರಾವಳಿಯಂಥ ಉತ್ತರದ ಜಾಗಗಳಲ್ಲಿ ಸಮುದ್ರದ ಶಾಖದ ಪಾತ್ರ ದೊಡ್ಡದೇ, ಯಾಕಂದರೆ ಅಲ್ಲಿ ಅದು ಸಮುದ್ರದ ಮಂಜನ್ನು (ಹೆಪ್ಪುಗಟ್ಟಿದ ನೀರಿನ ಪದರವನ್ನು) ದೂರ ತಳ್ಳಿ ಇಟ್ಟಿದೆ. ಮಂಜು ಹರಡಿತು ಅಂದರೆ ಬಿಸಿಲು ವಾಪಸ್ ಚಿಮ್ಮುತ್ತೆ, ನೀರಿನ ಬಿಸಿ ಗಾಳಿಗೆ ತಲುಪದ ಹಾಗೆ ಮುಚ್ಚಳ ಬೀಳುತ್ತೆ, ಗಾಳಿ ಇನ್ನಷ್ಟು ತಣ್ಣಗಾಗುತ್ತೆ, ಮಂಜು ಮತ್ತೆ ಹರಡುತ್ತೆ. ಮೈನಸ್ 20, ಮೈನಸ್ 48ರಂಥ ಅಂಕಿ ಬರೋದು ಈ ಸರಪಳಿ ಶುರುವಾದ ಮೇಲೆ.

ಪಡುವಣಕಡಲು

ಒಪ್ಪಿದೆ. ನಾರ್ವೆಯ ಬರ್ಗನ್, ಟ್ರೊಮ್ಸೊಗೆ ನನ್ನ ಮಾತು ಪೂರ್ತಿ ಅನ್ವಯಿಸಲ್ಲ. ಲಂಡನ್, ಆಮ್‌ಸ್ಟರ್‌ಡ್ಯಾಮ್‌ಗೆ ಅನ್ವಯಿಸುತ್ತೆ.

ಅಂಕಿನೋಟ

ಆ ಮೈನಸ್ 20ರ ಮೂಲ: ರೆನೆ ವಾನ್ ವೆಸ್ಟನ್ ಮತ್ತು ಮಿಖೀಲ್ ಬಾಟ್ಸನ್ ಅವರ 2025ರ ಅಧ್ಯಯನ. ಷರತ್ತುಗಳನ್ನು ಬಿಟ್ಟು ಅಂಕಿ ಮಾತ್ರ ಹಂಚಿದ್ದೇ ಅನಾಹುತ.

ಅದು ಚಳಿಗಾಲದ ಸರಾಸರಿ ಅಲ್ಲ. ಹತ್ತು ವರ್ಷಕ್ಕೊಮ್ಮೆ ಬರಬಹುದಾದ ಅತಿ ಚಳಿಯ ದಿನದ ಅಂಕಿ. ಅದೂ ಪ್ರವಾಹ ಪೂರ್ತಿ ಕುಸಿದು, ಭೂಮಿ ಸುಮಾರು 2 ಡಿಗ್ರಿ ಬಿಸಿಯಾಗಿ ನಿಂತ ಲೋಕದಲ್ಲಿ. ಕುಸಿಯಲಿ ಅಂತಲೇ ಹವಾಮಾನದ ಕಂಪ್ಯೂಟರ್ ಮಾದರಿಯೊಳಗೆ ಉತ್ತರ ಅಟ್ಲಾಂಟಿಕ್‌ಗೆ ಸಿಹಿನೀರು ಸುರಿದಿದ್ದಾರೆ. ಅದೇ ಅಧ್ಯಯನದಲ್ಲಿ, ಭೂಮಿ ಇನ್ನೂ ಬಹಳ ಬಿಸಿಯಾಗುವ ದಾರಿ ಹಿಡಿದರೆ ಪ್ರವಾಹ ಕುಸಿದರೂ ಬಿಸಿಯ ಕೈಯೇ ಮೇಲಾಗುತ್ತೆ. "ಕಾಯುತ್ತಾ, ತಣಿಯುತ್ತಾ" ಅನ್ನೋರಿಗೆ ಉತ್ತರ ಇದು: ಎರಡೂ ಎದುರುಬದುರು ಎಳೀತಾವೆ, ಗೆಲ್ಲೋದು ಯಾವುದು ಅನ್ನೋದು ಯಾವುದು ಮೊದಲು, ಎಷ್ಟು ಅನ್ನೋದರ ಮೇಲೆ ನಿಂತಿದೆ.

"ಶತಮಾನದ ಮಧ್ಯಕ್ಕೆ" ಅನ್ನೋದು ಇನ್ನೊಂದು ಕಡೆಯಿಂದ ಬಂದಿದ್ದು. ಡೆನ್ಮಾರ್ಕ್‌ನ ಪೀಟರ್ ಮತ್ತು ಸುಸಾನ್ ಡಿಟ್ಲೆವ್ಸನ್ 2023ರಲ್ಲಿ ಕೊಟ್ಟ ಅಂದಾಜು, ವ್ಯಾಪ್ತಿ 2025ರಿಂದ 2095. ಅವರು ಪ್ರವಾಹವನ್ನು ನೇರವಾಗಿ ಅಳೆದಿಲ್ಲ. ಗ್ರೀನ್‌ಲ್ಯಾಂಡ್‌ನ ದಕ್ಷಿಣದ ಸಮುದ್ರದ ಮೇಲ್ಮೈ ಉಷ್ಣಾಂಶವನ್ನು ಪ್ರವಾಹದ ಬದಲಿ ಅಂತ ಹಿಡಿದು ಲೆಕ್ಕ ಹಾಕಿದ್ದಾರೆ. ಆ ಬದಲಿ ಎಷ್ಟು ನಂಬಿಕಸ್ತ ಅನ್ನೋದರ ಬಗ್ಗೆ ಆಗಲೇ ತಕರಾರು ಬಂತು. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ ಆರನೇ ವರದಿ ಹೇಳೋದು: ಈ ಶತಮಾನದಲ್ಲಿ ದುರ್ಬಲವಾಗೋದು ಬಹುತೇಕ ಖಂಡಿತ, 2100ಕ್ಕೆ ಮೊದಲು ಹಠಾತ್ ಕುಸಿತ ಆಗಲಾರದು ಅನ್ನೋದಕ್ಕೆ ಮಧ್ಯಮ ಮಟ್ಟದ ವಿಶ್ವಾಸ.

ತಂಗಾಳಿ

"ಮಧ್ಯಮ ಮಟ್ಟದ ವಿಶ್ವಾಸ" ಅಂದರೆ ನಿಶ್ಚಿಂತೆ ಅಲ್ಲ. 2024ರ ಅಕ್ಟೋಬರ್‌ನಲ್ಲಿ 44 ವಿಜ್ಞಾನಿಗಳು, ಸ್ಟೆಫಾನ್ ರಾಮ್‌ಸ್ಟಾರ್ಫ್ ಸೇರಿ, ನಾರ್ಡಿಕ್ ದೇಶಗಳ ಮಂತ್ರಿಮಂಡಳಿಗೆ ಬಹಿರಂಗ ಪತ್ರ ಬರೆದು ಅಪಾಯವನ್ನು ಕಡಿಮೆ ಅಂದಾಜು ಮಾಡ್ತಿದ್ದೀರಿ ಅಂದರು. 2025ರಲ್ಲಿ ಐಸ್‌ಲ್ಯಾಂಡ್ ಇದನ್ನ ರಾಷ್ಟ್ರೀಯ ಭದ್ರತೆಯ ವಿಷಯ ಅಂತ ಘೋಷಿಸಿತು. ಸಂಭವ ಕಡಿಮೆ ಇದ್ದರೂ ಹೊಡೆತ ದೊಡ್ಡದಾದರೆ ಗಂಭೀರವಾಗಿ ತಗೋಬೇಕು.

ಅಂಕಿನೋಟ

ಗಂಭೀರವಾಗಿ ತಗೊಳ್ಳಿ, ಆದರೆ ಇನ್ನೊಂದು ತಟ್ಟೆಯನ್ನೂ ನೋಡಿ. 2025ರಲ್ಲೇ ಜೊನಾಥನ್ ಬೇಕರ್ ತಂಡ 34 ಮಾದರಿಗಳನ್ನು ಅತಿರೇಕದ ಬಿಸಿ, ಅತಿರೇಕದ ಸಿಹಿನೀರಿಗೆ ಒಡ್ಡಿ ನೋಡಿತು. ದುರ್ಬಲವಾಯಿತು, ಪೂರ್ತಿ ನಿಲ್ಲಲಿಲ್ಲ. ದಕ್ಷಿಣ ಮಹಾಸಾಗರದ ಗಾಳಿ ಆಳದ ನೀರನ್ನು ಮೇಲಕ್ಕೆ ಎಳೀತಾ ಇರುತ್ತೆ. ಮೇಲೆ ಬಂದ ನೀರು ಎಲ್ಲಾದರೂ ಮುಳುಗಲೇಬೇಕಲ್ಲ.

ಬಿಳಿಮೋಡ

ಮುಳುಗೋದು ಯಾಕೆ ಕಡಿಮೆ ಆಗುತ್ತೆ? ಗ್ರೀನ್‌ಲ್ಯಾಂಡ್ ಮಂಜು ಕರಗಿ ಸಿಹಿನೀರು ಸೇರೋದರಿಂದ ಅಷ್ಟೇನಾ?

ಉಪ್ಪುನೀರು35

ಅದೂ ಒಂದು. ಮೇಲ್ಪದರ ಕಾಯೋದು, ಮಳೆ ಹೆಚ್ಚೋದು, ಆರ್ಕ್‌ಟಿಕ್‌ನಿಂದ ಇಳಿಯೋ ಸಿಹಿನೀರು ಕೂಡ. ಆದರೆ ಉಪ್ಪಿಗೆ ಯಾಕೆ ಅಷ್ಟು ಬೆಲೆ ಅನ್ನೋದನ್ನ ಹತ್ತಿರದಿಂದ ನೋಡಬೇಕು.

25 ಡಿಗ್ರಿ ಬಿಸಿಯ ಸಮುದ್ರದ ನೀರನ್ನು ಒಂದು ಡಿಗ್ರಿ ತಣಿಸಿದರೆ ಘನಮೀಟರಿಗೆ ಸುಮಾರು 300 ಗ್ರಾಂ ಭಾರ ಹೆಚ್ಚುತ್ತೆ. ಅದೇ ನೀರು 2 ಡಿಗ್ರಿಯಲ್ಲಿದ್ದಾಗ ಒಂದು ಡಿಗ್ರಿ ತಣಿಸಿದರೆ ಬರೋದು 100 ಗ್ರಾಂ ಅಥವಾ ಇನ್ನೂ ಕಡಿಮೆ. ಉಪ್ಪಿನ ಕಥೆ ಹಾಗಲ್ಲ. ಕಿಲೋ ನೀರಿಗೆ ಒಂದು ಗ್ರಾಂ ಉಪ್ಪು ಹೆಚ್ಚಿದರೆ ಎಲ್ಲಿದ್ದರೂ ಘನಮೀಟರಿಗೆ ಸುಮಾರು 800 ಗ್ರಾಂ. ಅಂದರೆ ಗ್ರೀನ್‌ಲ್ಯಾಂಡ್ ಪಕ್ಕದ 2 ಡಿಗ್ರಿ ನೀರಿನಲ್ಲಿ ಉಪ್ಪು 35 ಗ್ರಾಂನಿಂದ 34ಕ್ಕೆ ಇಳಿದರೆ, ಆ ನಷ್ಟ ತುಂಬೋಕೆ 8 ಡಿಗ್ರಿ ತಣಿಸಬೇಕು. ತಣಿಸೋಕೆ ಜಾಗವೇ ಇಲ್ಲ. ಮೈನಸ್ 1.9ಕ್ಕೆ ಹೆಪ್ಪುಗಟ್ಟುತ್ತೆ. ಚಳಿಗಾಲದ ಗಾಳಿ ಎಷ್ಟೇ ಕೊರೆಯಲಿ, ಆ ನೀರು ಮುಳುಗದೆ ಮೇಲೇ ಮಂಜಾಗುತ್ತೆ.

ಇನ್ನೂ ಕೆಟ್ಟದ್ದು ಅಂದರೆ, ಉತ್ತರಕ್ಕೆ ಉಪ್ಪು ತರೋದೂ ಅದೇ ಪ್ರವಾಹ. ಅದು ನಿಧಾನವಾದರೆ ಬರೋ ಉಪ್ಪು ಕಡಿಮೆ, ಉಪ್ಪು ಕಡಿಮೆಯಾದರೆ ಮುಳುಗೋದು ಕಡಿಮೆ. ಸಾಗರವಿಜ್ಞಾನಿ ಹೆನ್ರಿ ಸ್ಟಾಮೆಲ್ 1961ರಲ್ಲೇ ಎರಡು ಪೆಟ್ಟಿಗೆಯ ಸರಳ ಲೆಕ್ಕದಲ್ಲಿ ಇದನ್ನ ತೋರಿಸಿದ್ದರು.

ಕೃಷ್ಣಾತೀರ

ಗ್ರೀನ್‌ಲ್ಯಾಂಡ್ ಲೆಕ್ಕಾನೂ ಹಾಕೂಣು. ವರ್ಷಕ್ಕ ಸುಮಾರು 27,000 ಕೋಟಿ ಟನ್ ಮಂಜು ಕಳಕೊಳ್ತೈತಿ. ಸೆಕೆಂಡಿಗೆ ಭಾಗಿಸಿದ್ರ ಸುಮಾರು 8,500 ಘನಮೀಟರ್, ಅಂದ್ರ 3 ಲಕ್ಷ ಕ್ಯುಸೆಕ್. ನೆರೆ ಬಂದ ದಿನ ಆಲಮಟ್ಟಿಯಿಂದ ಬಿಡ್ತಾರಲ್ಲ, ಅಷ್ಟು, ವರ್ಷಪೂರ್ತಿ. ಆದ್ರ ಸ್ವೆರ್ಡ್ರಪ್‌ನಾಗ ಅದು ಬರೇ 0.0085. ಮಾದರಿ ಪ್ರಯೋಗದಾಗ ರೂಢಿಯಿಂದ ಸುರಿಯೋದು 0.1 ಸ್ವೆರ್ಡ್ರಪ್, ಕೆಲವೊಮ್ಮೆ ಒಂದರ ತನಕ. ಹತ್ತು ಪಟ್ಟಿಗಿಂತ ಜಾಸ್ತಿ ಆತು. ಈ ಅಂತರ ಹೇಳದ ಬರೇ "ಕುಸೀತು" ಅಂತ ಬರಿಯೋದು ಸರಿ ಅಲ್ರೀ.

ಉಪ್ಪುನೀರು35

ಸರಿಯಾದ ಮಾತು. ಒಂದು ತಿದ್ದುಪಡಿ: ಆ 0.0085 ಇಡೀ ಸಮುದ್ರಕ್ಕೆ ಸಮನಾಗಿ ಹರಡಲ್ಲ. ದಡದ ಪ್ರವಾಹ ಹಿಡಿದು ನೇರವಾಗಿ ಲ್ಯಾಬ್ರಡಾರ್ ಸಮುದ್ರದ ಅಂಚಿಗೆ ಹೋಗುತ್ತೆ, ಅದರ ಮೇಲೆ ಬೇರೆ ಸಿಹಿನೀರೂ ಸೇರುತ್ತೆ.

ದಿಕ್ಸೂಚಿ

ಅಳೆಯೋದು ಹೇಗೆ ಅಂತ ಕೇಳಿದ್ದರಲ್ಲ, ಯಾರೂ ಮುಟ್ಟಿಲ್ಲ. 26.5 ಡಿಗ್ರಿ ಉತ್ತರದಲ್ಲಿ ಬಹಾಮಾಸ್‌ನಿಂದ ಆಫ್ರಿಕಾ ದಡದ ತನಕ ರ‍್ಯಾಪಿಡ್ ಅನ್ನೋ ಅಳತೆ ಉಪಕರಣಗಳ ಸರಣಿ 2004ರಿಂದ ಇದೆ. ಅದು ಮೂರು ತುಂಡನ್ನು ಕೂಡಿಸುತ್ತೆ.

ಮೊದಲನೆಯದು ಫ್ಲಾರಿಡಾ ಜಲಸಂಧಿ. ಅಲ್ಲಿ ತಳದಲ್ಲಿ ಹಾಸಿರೋ ಹಳೇ ದೂರವಾಣಿ ಕೇಬಲ್ ಬಳಸ್ತಾರೆ. ಉಪ್ಪುನೀರು ವಿದ್ಯುತ್ ವಾಹಕ. ಭೂಮಿಯ ಕಾಂತಕ್ಷೇತ್ರದಲ್ಲಿ ಅದು ಹರಿದಾಗ ಕೇಬಲ್‌ನಲ್ಲಿ ಸಣ್ಣ ವೋಲ್ಟೇಜ್ ಹುಟ್ಟುತ್ತೆ, ಅದರಿಂದ ಹರಿವು ತಿಳಿಯುತ್ತೆ. ಎರಡನೆಯದು ಗಾಳಿ ನೇರವಾಗಿ ತಳ್ಳುವ ಮೇಲ್ಪದರ, ಗಾಳಿಯ ಅಂಕಿಯಿಂದ ಲೆಕ್ಕ. ಮೂರನೆಯದು ಸಮುದ್ರದ ಮಧ್ಯಭಾಗ. ತಳಕ್ಕೆ ಲಂಗರು ಹಾಕಿ ನಿಲ್ಲಿಸಿದ ಉದ್ದನೆ ತಂತಿಗಳ ಮೇಲೆ ಉಪಕರಣ ಕಟ್ಟಿ ಉಷ್ಣಾಂಶ, ಉಪ್ಪು, ಒತ್ತಡ ಅಳೀತಾರೆ. ಎರಡು ದಡದ ಸಾಂದ್ರತೆಯ ವ್ಯತ್ಯಾಸದಿಂದ ನಡುವಿನ ಹರಿವು ಸಿಗುತ್ತೆ. ಒಟ್ಟಾರೆ ಹೀಗೆ: ಉತ್ತರಕ್ಕೆ 32 ಮತ್ತು 3, ದಕ್ಷಿಣಕ್ಕೆ 18, ಉಳಿದದ್ದು 17.

ತಪ್ಪೋದು ಎಲ್ಲಿ? ಭೂಮಿಯ ಕಾಂತಕ್ಷೇತ್ರವೇ ನಿಧಾನವಾಗಿ ಬದಲಾಗ್ತಿದೆ. ಕೇಬಲ್ ಲೆಕ್ಕದಲ್ಲಿ ಅದನ್ನ ಸೇರಿಸಿರಲಿಲ್ಲ. 2024ರಲ್ಲಿ ತಿದ್ದಿದಾಗ ಫ್ಲಾರಿಡಾ ಹರಿವು 1982ರಿಂದ ಹೆಚ್ಚುಕಡಿಮೆ ಸ್ಥಿರವಾಗಿದೆ ಅಂತ ಬಂತು, ಏಮಾಕ್ ಇಳಿಕೆಯೂ ಮೊದಲು ಅಂದುಕೊಂಡಿದ್ದಕ್ಕಿಂತ ಕಡಿಮೆಯಾಯಿತು. ಇಳಿಕೆ ಮಾಯವಾಗಲಿಲ್ಲ.

ಅಂಕಿ ಇಳಿಸಿಕೊಂಡು ಗೆರೆ ಎಳೆಯೋರಿಗೆ: ಅಲ್ಲಿ ದಿನಕ್ಕೆರಡು ಅಂಕಿ ಇವೆ. ಮೊದಲು ಏಪ್ರಿಲ್‌ನಿಂದ ಮಾರ್ಚ್ ತನಕ ವಾರ್ಷಿಕ ಸರಾಸರಿ ತೆಗೀರಿ, ಇಲ್ಲದಿದ್ದರೆ ಋತುವಿನ ಏರಿಳಿತವೇ ಇಳಿಕೆಯ ಹಾಗೆ ಕಾಣುತ್ತೆ. ಒಂದೇ ವರ್ಷದೊಳಗೆ 4ರಿಂದ 35 ಸ್ವೆರ್ಡ್ರಪ್ ತನಕ ಆಡಿದ್ದಿದೆ. ಐದಾರು ವರ್ಷದ ತುಂಡಿಗೆ ಗೆರೆ ಎಳೆದು ತೀರ್ಮಾನಕ್ಕೆ ಬರಬೇಡಿ. 2005ರಲ್ಲಿ ಐದು ಹಡಗುಯಾನದ ಅಂಕಿ ಇಟ್ಟು 1957ರಿಂದ ಶೇ 30 ಇಳಿದಿದೆ ಅಂದಿದ್ದರು. ರ‍್ಯಾಪಿಡ್ ಬಂದ ಮೇಲೆ ಒಂದು ವರ್ಷದ ಸಹಜ ಏರಿಳಿತವೇ ಅಷ್ಟಿದೆ ಅಂತ ಗೊತ್ತಾಯಿತು.

ಸುಳಿಗಾಳಿ

ಬಹಳ ಉಪಕಾರ. ಹಾಗಾದರೆ 2010ರ ಡಿಸೆಂಬರ್? ಬ್ರಿಟನ್ನಿನಲ್ಲಿ ಆ ಚಳಿ ಬಂದಿದ್ದು ಪ್ರವಾಹ ಇಳಿದಿದ್ದಕ್ಕೇ ಅಂತಾರಲ್ಲ?

ಗಾಳಿಮಾಪಕ

ಆ ಡಿಸೆಂಬರ್‌ನಲ್ಲಿ ಮಧ್ಯ ಇಂಗ್ಲೆಂಡಿನ ಸರಾಸರಿ ಮೈನಸ್ 0.7. ಅದಕ್ಕಿಂತ ತಣ್ಣನೆ ಡಿಸೆಂಬರ್ ಬೇಕಾದರೆ 1890ಕ್ಕೆ ಹೋಗಬೇಕು. ರ‍್ಯಾಪಿಡ್‌ನಲ್ಲಿ 2009–10ರಲ್ಲಿ ಶೇ 30ರಷ್ಟು ಇಳಿಕೆಯೂ ಕಂಡಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು "ಇದರಿಂದ ಅದು" ಅಂದುಬಿಟ್ಟರು.

ಹಿಂದುಮುಂದು ನೋಡಬೇಕು. 2009–10ರ ಚಳಿಗಾಲದಲ್ಲಿ ಐಸ್‌ಲ್ಯಾಂಡ್ ಮತ್ತು ಅದರ ದಕ್ಷಿಣದ ಅಜೋರ್ಸ್ ದ್ವೀಪಗಳ ನಡುವಿನ ಗಾಳಿಯ ಒತ್ತಡದ ಅಂತರ ಬಿದ್ದುಹೋಗಿತ್ತು. ಪಶ್ಚಿಮದ ಗಾಳಿ ಸೋತಿತು, ಪೂರ್ವದ ಚಳಿಗಾಳಿ ಒಳಬಂತು. ಅದೇ ಗಾಳಿಯ ಬದಲಾವಣೆ ಪ್ರವಾಹವನ್ನೂ ಹಿಡಿದು ನಿಲ್ಲಿಸಿತು. ಅಂದರೆ ಆ ವರ್ಷ ಗಾಳಿಯೇ ಮುಂದೆ, ಸಮುದ್ರ ಹಿಂದೆ. ಆಮೇಲೆ ಉಷ್ಣಾಂಶದ ಏರುಪೇರು ಬೇಸಿಗೆಯಲ್ಲಿ ಮೇಲ್ಪದರದ ಕೆಳಗೆ ಅಡಗಿ ಕೂತು, ಚಳಿಗಾಲದ ಬಿರುಗಾಳಿ ನೀರನ್ನು ಕಲಕಿದಾಗ ಮತ್ತೆ ಮೇಲೆ ಬಂತು. 2010ರ ಡಿಸೆಂಬರ್‌ನಲ್ಲಿ ಒತ್ತಡದ ಅಂತರ ಎರಡನೇ ಬಾರಿ ಬೀಳೋಕೆ ಅದು ಒತ್ತಾಸೆ ಕೊಟ್ಟಿರಬಹುದು. ನನ್ನ ಪ್ರಕಾರ ಸಮುದ್ರದ ಪಾತ್ರ ಅಷ್ಟೇ: ತಳ್ಳುಗೈ.

2018ರ ಫೆಬ್ರುವರಿ ಕೊನೆಯ ಚಳಿಯನ್ನಂತೂ ಪ್ರವಾಹಕ್ಕೆ ಗಂಟು ಹಾಕಲೇಬೇಡಿ. ಫೆಬ್ರುವರಿ 12ರ ಸುಮಾರಿಗೆ ಧ್ರುವದ ಮೇಲೆ ವಾಯುಮಂಡಲದ ಎತ್ತರದ ಪದರ ದಿಢೀರ್ ಕಾಯ್ದು ಗಾಳಿಯ ಸುಳಿ ಒಡೆದಿದ್ದು ಅದಕ್ಕೆ ಕಾರಣ.

ತಂಗಾಳಿ

ಹಾಗಾದರೆ ಪ್ರವಾಹ ಕುಸಿಯದೆ ಬರೀ ನಿಧಾನವಾದರೆ ಚಳಿಗಾಲಕ್ಕೆ ಏನೂ ಆಗಲ್ವಾ?

ಗಾಳಿಮಾಪಕ

ಆಗುತ್ತೆ, ಆದರೆ ಜನ ಅಂದುಕೊಂಡ ಹಾಗಲ್ಲ. ಗ್ರೀನ್‌ಲ್ಯಾಂಡ್‌ನ ದಕ್ಷಿಣಕ್ಕೆ ಒಂದು ತಣ್ಣನೆ ಮಚ್ಚೆ ಇದೆ. ಲೋಕವೆಲ್ಲ ಕಾಯುವಾಗ ಅಲ್ಲಿ ಮಾತ್ರ ತಣಿದಿದೆ. ಆ ಮಚ್ಚೆಗೂ ಅದರ ದಕ್ಷಿಣದ ಬೆಚ್ಚನೆ ನೀರಿಗೂ ನಡುವೆ ಉಷ್ಣಾಂಶದ ಇಳಿಜಾರು ಕಡಿದಾಗುತ್ತೆ. ಬಿರುಗಾಳಿಗೆ ಅದೇ ಮೇವು. ಹಾಗಾಗಿ ಪ್ರವಾಹ ನಿಧಾನವಾದಷ್ಟೂ ಬ್ರಿಟನ್, ಐರ್ಲೆಂಡ್ ಕಡೆ ನುಗ್ಗುವ ಚಳಿಗಾಲದ ಬಿರುಗಾಳಿ ಬಲವಾಗುವ ಸಂಭವ ಮಾದರಿಗಳಲ್ಲಿ ಕಾಣುತ್ತೆ. ಅಂದರೆ ಹಿಮಕ್ಕಿಂತ ಮೊದಲು ಗಾಳಿ, ಮಳೆ. ಮನೆ ಇರೋರು ಛಾವಣಿ ಹೆಂಚು, ಮಳೆನೀರಿನ ದೋಣಿ ಮೊದಲು ನೋಡ್ಕೊಳ್ಳಿ.

ಕೊಳವೆಜೋಡಣೆ

ಮನೆ ಮಾತು ಬಂತಲ್ಲ, ಸ್ವಲ್ಪ ದಾರಿ ಬಿಡ್ತೀನಿ. 2010ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನ ಮನೆಗಳಲ್ಲಿ ಅತಿ ಹೆಚ್ಚು ಕೈಕೊಟ್ಟಿದ್ದು ಮನೆ ಕಾಯಿಸುವ ಬಾಯ್ಲರ್‌ನಲ್ಲಿ ಆವಿ ತಣಿದು ಹನಿಯಾದ ನೀರು ಹೊರಹೋಗುವ ಸಣ್ಣ ಪ್ಲಾಸ್ಟಿಕ್ ಕೊಳವೆ. ಹೊರಗೋಡೆಯ ಮೇಲೆ 21.5 ಮಿಲಿಮೀಟರಿನ ಕೊಳವೆ ಇದ್ದರೆ ಹನಿ ಹನಿ ಹೋಗೋ ನೀರು ಅಲ್ಲೇ ಹೆಪ್ಪುಗಟ್ಟಿ, ಹಿಂದಕ್ಕೆ ತುಂಬಿ, ಬಾಯ್ಲರ್ ತಾನಾಗಿ ಆರುತ್ತೆ. ಚಳಿ ಅತಿಯಾದ ದಿನವೇ ಆರುತ್ತೆ. ಪರಿಹಾರ: ಆದಷ್ಟು ಮನೆಯೊಳಗೇ ಹಾಯಿಸಿ. ಹೊರಗೆ ಹೋಗಲೇಬೇಕಾದರೆ ಕನಿಷ್ಠ 32 ಮಿಲಿಮೀಟರ್, ನೀರು ತಾಗದ ಹೊದಿಕೆ, ಮೀಟರಿಗೆ 45 ಮಿಲಿಮೀಟರಿಗೆ ಕಡಿಮೆಯಿಲ್ಲದ ಇಳಿಜಾರು, ತಿರುವು ಕಡಿಮೆ. ಕಟ್ಟಿಕೊಂಡರೆ ಬೆಚ್ಚಗಿನ ನೀರು ಹೊರಗಿನಿಂದ ಸುರೀರಿ, ಕುದಿಯೋದು ಬೇಡ, ಕೊಳವೆ ಬಿರಿಯುತ್ತೆ.

ಹೀಟ್ ಪಂಪ್ (ಹೊರಗಿನ ಶಾಖವನ್ನು ಮನೆಯೊಳಗೆ ಎಳೆದು ತರುವ ಯಂತ್ರ) ಹಾಕಿಸೋರಿಗೆ ಲಂಡನ್ ಲೆಕ್ಕ: ಒಳಗೆ 21, ಹೊರಗೆ ಮೈನಸ್ 3 ಅಂತ ಹಿಡಿದರೆ ಅಂತರ 24. ಹೊರಗೆ ಮೈನಸ್ 20 ಆದರೆ 41. ಶಾಖದ ನಷ್ಟ 1.7 ಪಟ್ಟು. 6 ಕಿಲೋವ್ಯಾಟ್ ಸಾಕಾಗೋ ಮನೆಗೆ 10 ಬೇಕು, ಮೇಲಾಗಿ ಅಷ್ಟು ಚಳಿಯಲ್ಲಿ ಪಂಪಿನ ಶಕ್ತಿಯೂ ಕುಗ್ಗುತ್ತೆ. ಆದರೆ ಈಗಲೇ 10 ಹಾಕಿಸಬೇಡಿ. ದೊಡ್ಡ ಪಂಪ್ ಮಾಮೂಲಿ ಚಳಿಯಲ್ಲಿ ಪದೇಪದೇ ಹತ್ತಿ ಆರಿ ಬೇಗ ಸವೆಯುತ್ತೆ. ಆ ದುಡ್ಡನ್ನು ಗೋಡೆ, ಅಟ್ಟದ ಹೊದಿಕೆಗೆ ಹಾಕಿ, ಯಾವ ಚಳಿಗಾಲ ಬಂದರೂ ಉಪಯೋಗ.

ಬಿಳಿಮೋಡ

ನಮ್ಮ ಕಡೆ? ಬೆಂಗಳೂರಿಗೆ ಚಳಿ ಹೆಚ್ಚಾಗುತ್ತಾ?

ಮಳೆಲೆಕ್ಕ

ಬೆಂಗಳೂರಿನ ಚಳಿ ಬರೋದು ಈಶಾನ್ಯದ ಒಣಗಾಳಿ ಮತ್ತು ಮೋಡವಿಲ್ಲದ ರಾತ್ರಿಯಿಂದ. ದಾಖಲೆಯ 7.8 ಡಿಗ್ರಿ 1884ರ ಜನವರಿಯದ್ದು. ಅಟ್ಲಾಂಟಿಕ್ ಅಲ್ಲಿಗೆ ನೇರವಾಗಿ ಕೈಚಾಚಲ್ಲ.

ನಮಗೆ ಚಿಂತೆ ಇರಬೇಕಾದ್ದು ಮಳೆಗಾಲದ್ದು. ಏಮಾಕ್ ಬಹಳ ದುರ್ಬಲವಾದರೆ ಉತ್ತರಾರ್ಧಗೋಳ ತಣಿದು ಸಮಭಾಜಕದ ಮಳೆಪಟ್ಟಿ ದಕ್ಷಿಣಕ್ಕೆ ಸರಿಯುತ್ತೆ, ಮುಂಗಾರು ಸೊರಗುತ್ತೆ. ಸುಮಾರು 12,900ರಿಂದ 11,700 ವರ್ಷಗಳ ಹಿಂದೆ ಉತ್ತರ ಅಟ್ಲಾಂಟಿಕ್ ತಣಿದಾಗ ಮುಂಗಾರು ಕುಗ್ಗಿದ್ದರ ಗುರುತು ಮೇಘಾಲಯದ ಮಾಮ್ಲುಹ್ ಗುಹೆಯ ಸುಣ್ಣದ ಕಂಬಗಳಲ್ಲಿ ಇದೆ. ಕಾವೇರಿ, ಕೃಷ್ಣೆ ನಂಬಿದವರು ಲಂಡನ್ನಿನ ಮೈನಸ್ 20ಕ್ಕಿಂತ ಇದನ್ನ ಗಮನಿಸಬೇಕು.

ಉಪ್ಪುನೀರು35

ಉಪ್ಪಿನ ಆಟ ಕಣ್ಣಾರೆ ನೋಡಬೇಕು ಅನ್ನೋರಿಗೆ ಮನೆಯಲ್ಲೇ ಆಗುತ್ತೆ. ಎರಡು ಗಾಜಿನ ಲೋಟ, ತಲಾ 200 ಮಿಲಿಲೀಟರ್ ನೀರು. ಒಂದಕ್ಕೆ 7 ಗ್ರಾಂ ಉಪ್ಪು, ಅಂದರೆ ಗುಡ್ಡೆಯಾಗುವಷ್ಟು ತುಂಬಿದ ಒಂದು ಟೀ ಚಮಚ. ಇದೇ ಸಮುದ್ರದ 35ರ ಲೆಕ್ಕ. ಬೀಟ್ರೂಟ್ ರಸ ಬೆರೆಸಿ ಮಾಡಿದ ಐಸ್ ತುಂಡು ಎರಡರಲ್ಲೂ ಮೆಲ್ಲಗೆ ಬಿಡಿ. ಸಿಹಿನೀರಿನ ಲೋಟದಲ್ಲಿ ಕೆಂಪು ಎಳೆಎಳೆಯಾಗಿ ತಳಕ್ಕಿಳಿಯುತ್ತೆ, ಬೆಚ್ಚನೆ ನೀರು ಮೇಲೇರಿ ಐಸನ್ನು ಬೇಗ ಕರಗಿಸುತ್ತೆ. ಉಪ್ಪುನೀರಿನ ಲೋಟದಲ್ಲಿ ಕೆಂಪು ನೀರು ಮೇಲೇ ಮುಚ್ಚಳದ ಹಾಗೆ ನಿಲ್ಲುತ್ತೆ, ಐಸ್ ಬಹಳ ಹೊತ್ತು ಉಳಿಯುತ್ತೆ.

ಬಿಳಿಮೋಡ

ಮಾಡಿ ನೋಡಿದೆ, ಎರಡೂ ಲೋಟ ಒಂದೇ ಥರ ಗುಲಾಬಿ ಆಯ್ತು. ಕರಗಿದ್ದೂ ಹೆಚ್ಚುಕಡಿಮೆ ಒಟ್ಟಿಗೇ. ಉಪ್ಪುನೀರು ಮಬ್ಬಾಗಿತ್ತು ಬೇರೆ.

ಉಪ್ಪುನೀರು35

ಮಬ್ಬು ಪುಡಿ ಉಪ್ಪಿನದು, ಗಂಟು ಕಟ್ಟದಿರಲಿ ಅಂತ ಏನೋ ಬೆರೆಸಿರ್ತಾರೆ. ಕಲ್ಲುಪ್ಪು ಹಾಕಿ ಪೂರ್ತಿ ಕರಗಿಸಿ, ಎರಡೂ ಲೋಟ ಅರ್ಧ ಗಂಟೆ ಒಟ್ಟಿಗಿಟ್ಟು ಒಂದೇ ಬಿಸಿಗೆ ತನ್ನಿ. ಐಸ್ ಬಿಟ್ಟ ಮೇಲೆ ಚಮಚ ಆಡಿಸಿದಿರಾ?

ಬಿಳಿಮೋಡ

ಹೌದು, ಬಣ್ಣ ಹರಡಲಿ ಅಂತ ಒಂದು ಸುತ್ತು.

ಉಪ್ಪುನೀರು35

ಅಲ್ಲೇ ಮುಚ್ಚಳ ಒಡೀತು. ಚಳಿಗಾಲದ ಬಿರುಗಾಳಿ ಮೇಲ್ಪದರಕ್ಕೆ ಮಾಡೋದೂ ಅದನ್ನೇ. ಲೋಟ ಮುಟ್ಟದೆ ಇನ್ನೊಮ್ಮೆ ಮಾಡಿ, ಹತ್ತು ನಿಮಿಷಕ್ಕೊಂದು ಫೋಟೊ ತೆಗೆದು ಇಲ್ಲಿ ಹಾಕಿ.